ಉಳಿದವರ ವಂದನೆ

ಕೃತಜ್ಞತೆಯ ವಿಷಯದಲ್ಲಿ ಉಪದೇಶ ಮಾಡುವುದು ಸುಲಭ. ನಾನೂ ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಅದನ್ನು ಮಾಡುತ್ತ ಬಂದಿದ್ದೇನೆ. 'ಕೃತಜ್ಞ' ಎಂದರೆ ಮಾಡಿದ ಉಪಕಾರವನ್ನು ಬಲ್ಲವನು. 'ಕೃತಘ್ನ' ಎಂದರೆ ಆ ಉಪಕಾರವನ್ನು ಕೊಂದವನು. ಇಬ್ಬರ ನಡುವೆ ಇರುವುದು ಒಂದೇ ಅಕ್ಷರದ ಅಂತರ ಎಂದು ಹಲಗೆಯ ಮೇಲೆ ಬರೆದು ತೋರಿಸಿದರೆ ಕೃಷ್ಣರಾಜಪೇಟೆಯ ನಮ್ಮ ಹುಡುಗರು ತಲೆದೂಗಿ ಬರೆದುಕೊಳ್ಳುತ್ತಾರೆ. ಆದರೆ ಅದೇ ಮಾತನ್ನು ದೇವರ ಮುಂದೆ ನಿಂತು ನಾನೇ ಆಡಬೇಕಾಗಿ ಬಂದಾಗ ನನ್ನ ನಾಲಗೆ ತಡೆಯಿತು. ಏಕೆ ತಡೆಯಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗೀ ಜ್ವರ ಬಂತು. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಕರೆದೊಯ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿದೆವು. ಪಕ್ಕದ ಹಾಸಿಗೆಯಲ್ಲಿ ನಾಗಮಂಗಲದ ಕಡೆಯ ಹಳ್ಳಿಯೊಂದರ ಒಂಬತ್ತು ವರ್ಷದ ಹುಡುಗ. ಅವನಿಗೂ ಅದೇ ಜ್ವರ. ಅವನ ತಾಯಿ ಐದು ದಿನ ನಮ್ಮ ನೆರೆಯವಳಾಗಿದ್ದಳು. ಕೆಳಗಿನಿಂದ ಬಿಸಿನೀರು ತರುವಾಗ ನಮ್ಮ ಫ್ಲಾಸ್ಕನ್ನೂ ಕೇಳದೆಯೇ ಎತ್ತಿಕೊಂಡು ಹೋಗುವಳು. "ಒಂದ್ ತುತ್ತು ಉಣ್ಣವ್ವ, ನೀನೇ ಮಲಗ್ಬುಟ್ರೆ ಮಗೀನ್ ನೋಡೋರ್ಯಾರು?" ಎಂದು ನನ್ನ ಹೆಂಡತಿಗೆ ತನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಕೊಟ್ಟಳು. ಆರನೆಯ ರಾತ್ರಿ ನನ್ನ ಮಗಳ ಜ್ವರ ಇಳಿಯಿತು. ಅದೇ ರಾತ್ರಿ, ಬೆಳಗಿನ ಜಾವ, ಆ ಹುಡುಗ ತೀರಿಕೊಂಡ.

ಹೊರಡುವ ಮುನ್ನ ಆ ತಾಯಿ ನಮ್ಮ ಹಾಸಿಗೆಯ ಬಳಿ ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, "ನಿಮ್ ಕೂಸಾದ್ರೂ ನೆಟ್ಗಾಗ್ಲಿ ಮೇಷ್ಟ್ರೇ" ಎಂದಳು. ಅಷ್ಟೇ. ನಾನು ಏನು ಹೇಳಿದೆನೋ ನೆನಪಿಲ್ಲ. ಬಹುಶಃ ಏನೂ ಹೇಳಲಿಲ್ಲ.

ನಮ್ಮದು ತಲೆಮಾರುಗಳಿಂದ ಈ ಕಡೆಯಲ್ಲೇ ಇರುವ ಕ್ರೈಸ್ತ ಮನೆತನ. ಮಗಳು ಮನೆಗೆ ಬಂದ ಮೇಲೆ ಗಂಜಾಮಿನಲ್ಲಿ ಕೃತಜ್ಞತೆಯ ಬಲಿಪೂಜೆಯೊಂದನ್ನು ಮಾಡಿಸಬೇಕೆಂದು ನನ್ನ ಹೆಂಡತಿ ಹೇಳಿದಳು. ಅದರಲ್ಲಿ ಅಸಹಜವಾದುದೇನೂ ಇಲ್ಲ. ಮಗು ಉಳಿದರೆ ತಿರುಪತಿಗೆ ಮುಡಿ ಕೊಡುವವರಿಲ್ಲವೆ, ದರ್ಗಾಕ್ಕೆ ಚಾದರ ಹೊದಿಸುವವರಿಲ್ಲವೆ? ಆದರೆ 'ದೇವರೇ, ನನ್ನ ಮಗಳನ್ನು ಉಳಿಸಿದ್ದಕ್ಕೆ ವಂದನೆ' ಎಂಬ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಾಗಲೆಲ್ಲ ಅದರ ಬೆನ್ನಿಗೆ ಇನ್ನೊಂದು ವಾಕ್ಯ ಬಂದು ನಿಲ್ಲುತ್ತಿತ್ತು: 'ಹಾಗಾದರೆ ಆ ಹುಡುಗನನ್ನು ಉಳಿಸದೆ ಬಿಟ್ಟವನು ಯಾರು?' ಆ ತಾಯಿ ಕೇಳುವಂತೆ ನಾನು ಈ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಬಲ್ಲೆನೆ? ಹೇಳಲಾರೆ. ಒಬ್ಬ ತಾಯಿಯ ಮುಂದೆ ಆಡಲಾಗದ ಮಾತನ್ನು ದೇವರ ಮುಂದೆ ಆಡುವುದು ಹೇಗೆ?

ಇದು ನನ್ನೊಬ್ಬನ ತೊಡಕಲ್ಲ. ನಮ್ಮ ಊರಿನ ನೆಲದಲ್ಲಿಯೇ ಈ ತೊಡಕು ಹೂತುಕೊಂಡಿದೆ. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಕೆನರಾ ಪ್ರಾಂತದ ಸಾವಿರಾರು ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಅವರ ಸಂಖ್ಯೆಯನ್ನು ಒಬ್ಬೊಬ್ಬ ಇತಿಹಾಸಕಾರರು ಒಂದೊಂದು ರೀತಿಯಲ್ಲಿ ಹೇಳುತ್ತಾರೆ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ ಮಂದಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನ ಮಡಿದ. ಉಳಿದಿದ್ದವರಲ್ಲಿ ಅನೇಕರು ಮಂಗಳೂರಿಗೆ ಮರಳಿದರು. ಮರಳಿದವರು ದೇವರಿಗೆ ವಂದನೆ ಹೇಳಿರಬೇಕು. ಮರಳದವರ ಪರವಾಗಿ ಏನು ಹೇಳಿದರೋ! ಇತ್ತ ಗೆದ್ದ ಇಂಗ್ಲಿಷರೂ 1800ರಲ್ಲಿ ಕಲ್ಕತ್ತೆಯಲ್ಲಿ ವಿಜಯಕ್ಕಾಗಿ ವಂದನೆಯ ಆರಾಧನೆ ನಡೆಸಿದರು. ಅದೇ ವಿಜಯದಲ್ಲಿ ಮಡಿದ ಅವರ ಕಡೆಯ ಸಿಪಾಯಿಗಳೂ ಇದ್ದರು, ಕೋಟೆಯೊಳಗೆ ಮಡಿದ ನಮ್ಮ ನಾಡಿನ ಸಿಪಾಯಿಗಳೂ ಇದ್ದರು. ಒಬ್ಬರ ವಂದನೆ ಇನ್ನೊಬ್ಬರ ಗೋರಿಯ ಮೇಲೆ ನಿಂತು ಹೇಳಿದ್ದಾಗಿರುವುದು ಚರಿತ್ರೆಯಲ್ಲಿ ಹೊಸದಲ್ಲ.

ಇದಕ್ಕೆ ಎರಡು ಸುಲಭವಾದ ಉತ್ತರಗಳಿವೆ. 'ದೇವರು ನಿನ್ನನ್ನು ಆರಿಸಿಕೊಂಡ, ಅದರ ಮರ್ಮ ನಮಗೆ ತಿಳಿಯದು' ಎಂಬುದು ಮೊದಲನೆಯದು. ಈ ಉತ್ತರ ಉಳಿದವನಿಗೆ ಹಿತವಾಗಿರುತ್ತದೆ. ಉಳಿಯದವನ ಮನೆಯಲ್ಲಿ ಇದನ್ನು ಹೇಳಿನೋಡಿದರೆ ಇದರ ಕ್ರೌರ್ಯ ತಿಳಿಯುತ್ತದೆ. 'ದೇವರೂ ಇಲ್ಲ ದಿಂಡರೂ ಇಲ್ಲ, ಒಂದು ದೇಹ ತಡೆಯಿತು, ಇನ್ನೊಂದು ತಡೆಯಲಿಲ್ಲ' ಎಂಬುದು ಎರಡನೆಯದು. ಇದರಲ್ಲಿ ಕ್ರೌರ್ಯವಿಲ್ಲ, ಪ್ರಾಮಾಣಿಕತೆಯೂ ಉಂಟು. ಆದರೆ ಮಗಳು ಮೊದಲ ಬಾರಿಗೆ ಎದ್ದು ಕುಳಿತು ಗಂಜಿ ಕೇಳಿದ ಬೆಳಗ್ಗೆ ನನ್ನೊಳಗೆ ಉಕ್ಕಿದ್ದು ಯಾರ ಕಡೆಗಾದರೂ ತಿರುಗಲೇಬೇಕೆಂದು ಹಟ ಹಿಡಿಯಿತು. ಆ ಭಾವ ಸುಳ್ಳು ಎಂದು ನಾನು ಹೇಳಲಾರೆ. ಹೀಗೆ ಮೊದಲ ಉತ್ತರದಲ್ಲಿ ನೆರೆಯವಳಿಗೆ ಜಾಗವಿಲ್ಲ; ಎರಡನೆಯದರಲ್ಲಿ ವಂದನೆಗೆ ಜಾಗವಿಲ್ಲ.

ಆಗ ನಾನು ಶುಭಸಂದೇಶವನ್ನು ಈ ಒಂದೇ ಪ್ರಶ್ನೆಯಿಟ್ಟುಕೊಂಡು ಮತ್ತೆ ಓದಿದೆ: ಯೇಸುಸ್ವಾಮಿ ವಂದನೆಯ ವಿಷಯದಲ್ಲಿ ಏನು ಹೇಳಿದರು, ತಾವೇ ಯಾವಾಗ ವಂದನೆ ಹೇಳಿದರು?

ಮೊದಲು ಕಣ್ಣಿಗೆ ಬಿದ್ದದ್ದು ಲೂಕನ ಬರಹದಲ್ಲಿರುವ ಸಾಮತಿ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ: ಒಬ್ಬ ಫರಿಸಾಯ, ಒಬ್ಬ ಸುಂಕದವನು. ಫರಿಸಾಯನ ಪ್ರಾರ್ಥನೆ ಕೃತಜ್ಞತೆಯ ಪ್ರಾರ್ಥನೆಯೇ ಎಂಬುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ತಾನು ಇತರರ ಹಾಗಿಲ್ಲ ಎಂಬುದಕ್ಕಾಗಿ ಅವನು ದೇವರಿಗೆ ವಂದನೆ ಹೇಳುತ್ತಾನೆ. ಯೇಸು ಒಪ್ಪದ ವಂದನೆ ಅದು. ಅವನಲ್ಲಿ ಕೃತಜ್ಞತೆ ಇರಲಿಲ್ಲವೆಂದಲ್ಲ; ಅದು ಇನ್ನೊಬ್ಬನ ಕಡೆ ಓರೆಗಣ್ಣಿಟ್ಟು ಹೇಳಿದ್ದು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ ತೂಗಿದ್ದು. ನನ್ನ ನಾಲಗೆ ತಡೆದದ್ದೇಕೆ ಎಂಬುದು ಅರ್ಧ ತಿಳಿಯಿತು. ನಾನು ಹೇಳಲು ಹೊರಟಿದ್ದ ವಾಕ್ಯವೂ ಅದೇ ಜಾತಿಯದು: 'ನಾವು ಪಕ್ಕದ ಹಾಸಿಗೆಯವರಂತಾಗಲಿಲ್ಲವಲ್ಲ, ಅದಕ್ಕಾಗಿ.'

ಇನ್ನು ಯೇಸುವಿನ ಸ್ವಂತ ವಂದನೆಗಳು. ಲಾಜರನ ಗೋರಿಯ ಮುಂದೆ ಅವರು ತಂದೆಗೆ ವಂದನೆ ಹೇಳುತ್ತಾರೆ. ಆದರೆ ಅದಕ್ಕೆ ಮೊದಲು ಅಳುತ್ತಾರೆ. ಸೆರೆಸಿಕ್ಕುವ ರಾತ್ರಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ವಂದನೆ ಹೇಳಿ ಮುರಿಯುತ್ತಾರೆ. ಕ್ರೈಸ್ತರ ಬಲಿಪೂಜೆಗೆ ಗ್ರೀಕ್ ಮೂಲದ ಹೆಸರು 'ಯೂಕರಿಸ್ತಿಯಾ'. ಅದರ ಅರ್ಥವೇ ಕೃತಜ್ಞತೆ. ಅಂದು ಅವರಿಗೆ ಉಳಿದದ್ದೇನು? ಶಿಷ್ಯರಲ್ಲಿ ಒಬ್ಬ ಆಗಲೇ ಮಾರಿಬಿಟ್ಟಿದ್ದ, ಉಳಿದವರು ಓಡಿಹೋಗಲಿದ್ದರು. ಏನನ್ನೋ ತಪ್ಪಿಸಿಕೊಂಡುದಕ್ಕಾಗಿ ಹೇಳಿದ ವಂದನೆಯಲ್ಲ ಅದು. ಕೈಯಲ್ಲಿದ್ದ ರೊಟ್ಟಿಗಾಗಿ, ಸುತ್ತ ಕುಳಿತಿದ್ದವರೊಡನೆ ಅದನ್ನು ಹಂಚಿಕೊಳ್ಳುವುದಕ್ಕಾಗಿ ಹೇಳಿದ್ದು.

ಇಲ್ಲಿ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕಡೆಯ ದಿನವನ್ನು ಕುರಿತ ಕಾವ್ಯ. ಅದರ ಮಾತು ಬಂದಾಗ ತರಗತಿಯಲ್ಲಿ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: "ದೇವ್ರೇ ಆಗಿದ್ರೆ ಅಳೋದ್ಯಾಕೆ ಸಾರ್? ಯಾರನ್ನ ಬೇಡ್ಕೊಳ್ಳೋದು?" ವಂದನೆಯ ವಿಷಯದಲ್ಲೂ ಇದನ್ನೇ ಕೇಳಬಹುದು. ಕೊಡುವವನು ದೇವರು, ಪಡೆಯುವವನು ಮನುಷ್ಯ. ಯೇಸು ದೇವರಾದರೆ ಅವರು ವಂದನೆ ಹೇಳುವುದು ಯಾರಿಗೆ? ಕ್ರಿ. ಶ. 451ರಲ್ಲಿ ಖಾಲ್ಸೆದೋನಿನಲ್ಲಿ ಸೇರಿದ ಧರ್ಮಸಭೆ, ಯೇಸು ಪೂರ್ಣವಾಗಿ ದೇವರು ಮತ್ತು ಪೂರ್ಣವಾಗಿ ಮನುಷ್ಯ. ಎರಡು ಸ್ವಭಾವಗಳು, ವ್ಯಕ್ತಿ ಒಬ್ಬನೇ. ಅವು ಬೆರೆತು ಕಲಸಿಹೋಗವು, ಸೀಳಿ ಬೇರೆಯೂ ಆಗವು ಎಂದು ನಿರ್ಣಯಿಸಿತು. ಬಾಲ್ಯದಲ್ಲಿ ಇದನ್ನು ಮಗ್ಗಿಯಂತೆ ಕಲಿತಿದ್ದೆ. ಇದು ದೇವತಾಶಾಸ್ತ್ರಜ್ಞರ ಕೂದಲು ಸೀಳುವ ಕೆಲಸವೆಂದೇ ಬಹುಕಾಲ ತಿಳಿದಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆ ತೋರಲಿಲ್ಲ.

'ಪೂರ್ಣವಾಗಿ ಮನುಷ್ಯ' ಎಂದರೆ ಪಡೆಯುವವನು ಎಂದರ್ಥ. ಯೇಸು ಬೋಧಿಸಿದ್ದು ಸೀಮೋನನ ದೋಣಿಯಲ್ಲಿ ಕುಳಿತು. ಬಾವಿಯ ಬಳಿ ನೀರು ಕೇಳಿದ್ದು ಸಮಾರ್ಯದ ಹೆಂಗಸೊಬ್ಬಳನ್ನು. ಸತ್ತ ಮೇಲೆ ಮಲಗಿದ್ದೂ ಇನ್ನೊಬ್ಬರು ತಮಗಾಗಿ ತೋಡಿಸಿಕೊಂಡಿದ್ದ ಗೋರಿಯಲ್ಲಿ. ಕೊಡುವವನಾದ ದೇವರು ಪಡೆಯುವವನ ಸ್ಥಾನಕ್ಕೆ ಇಳಿದು, 'ದಾಹವಾಗಿದೆ, ನೀರು ಕೊಡು' ಎಂದು ಕೇಳಿದ ಎಂಬುದೇ ಕ್ರೈಸ್ತ ನಂಬಿಕೆಯ ತಿರುಳು. ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರಿಗೆ ಈ ಮಾತು ಪೂರ್ತಿ ಹೊಸದೆನಿಸಲಾರದು. ಪರಾತ್ಪರನಾದವನು ಭಕ್ತನ ಕೈಗೆ ಎಟುಕುವಂತಾಗುವುದನ್ನು ಶ್ರೀವೈಷ್ಣವರು 'ಸೌಲಭ್ಯ' ಎನ್ನುತ್ತಾರೆ. ರಾಮಾನುಜರು ಕರೆದಾಗ ಚೆಲುವಪಿಳ್ಳೆ ಮಗುವಿನಂತೆ ಬಂದು ತೊಡೆಯೇರಿದನೆಂಬ ಐತಿಹ್ಯವೂ ಅಲ್ಲಿದೆ. ಎರಡೂ ಒಂದೇ ಎಂದು ನಾನು ಸಾಧಿಸಲು ಹೊರಟಿಲ್ಲ; ಅವತಾರದ ಕಲ್ಪನೆ ಬೇರೆ, ಕ್ರೈಸ್ತರ ಮನುಷ್ಯಾವತಾರ ಬೇರೆ. ದೇವರು ದೂರ ನಿಂತು ಹಂಚುವ ಧಣಿಯಲ್ಲ ಎಂಬಷ್ಟರ ಮಟ್ಟಿಗೆ ಇಬ್ಬರ ಹೃದಯವೂ ಒಂದೇ ಕಡೆ ತಿರುಗುತ್ತದೆ.

ಆದರೆ ಯೇಸುವಿನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗೆತ್ಸೆಮನೆಯ ತೋಟದಲ್ಲಿ ಅವರು ಈ ಪಾತ್ರೆ ತಮ್ಮಿಂದ ತೊಲಗಲಿ ಎಂದು ಬೇಡಿಕೊಂಡರು. ತೊಲಗಲಿಲ್ಲ. ಅಂದರೆ ಯೇಸು ಉಳಿದವರ ಸಾಲಿನಲ್ಲಿಲ್ಲ. ಬೇಡಿಕೊಂಡರೂ ಉಳಿಯದವರ ಸಾಲಿನಲ್ಲಿದ್ದಾರೆ. ಯೇಸು ದೇವರೆಂಬುದು ನಿಜವಾದರೆ, ಆ ರಾತ್ರಿ ಆಸ್ಪತ್ರೆಯಲ್ಲಿ ದೇವರನ್ನು ಹುಡುಕಬೇಕಾಗಿದ್ದದ್ದು ಮೊದಲು ನಮ್ಮ ಹಾಸಿಗೆಯ ಬಳಿಯಲ್ಲಲ್ಲ, ಪಕ್ಕದ ಹಾಸಿಗೆಯ ಬಳಿ. ಅವಳನ್ನು ಬಿಟ್ಟು ನಮ್ಮ ಕಡೆಗೆ ಬಂದ ದೇವರಿಗೆ ನಾನು ವಂದನೆ ಹೇಳುವುದೆಂದರೆ, ಇಲ್ಲದ ದೇವರೊಬ್ಬನಿಗೆ ಹೇಳಿದಂತೆ.

ಹಾಗಾದರೆ ಅವಳ ಮಗ ಏಕೆ ಸತ್ತ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇದೆಯೆಂದು ನಟಿಸುವುದೂ ಇಲ್ಲ. ಲಾಜರನ ಗೋರಿಯ ಮುಂದೆ ಯೇಸು ಸಾವಿಗೆ ವಿವರಣೆ ಕೊಡದೆ ಅತ್ತರು ಎಂಬುದಷ್ಟೇ ನನಗೆ ಆಸರೆ. ಯಾವ ವಂದನೆಯೂ ಅಳುವನ್ನು ಹಾರಿಕೊಂಡು ಹೋಗಬಾರದು ಎಂಬುದನ್ನು ಅಲ್ಲಿಂದ ಕಲಿತೆ.

ಬಲಿಪೂಜೆಯ ದಿನ ಬೇಗನೆ ಹೋಗಿ ಗಂಜಾಮಿನಲ್ಲಿ ಕುಳಿತಿದ್ದಾಗ ಅಬ್ಬೆ ದುಬಾಯ್ ನೆನಪಾದರು. 1792ರಲ್ಲಿ ಫ್ರಾನ್ಸಿನಿಂದ ಬಂದ ಪಾದ್ರಿ. 1799ರ ತರುವಾಯ ಇಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ನೆಲೆನಿಂತವರು. ಪೇಟ ಸುತ್ತಿ, ಈ ನಾಡಿನ ಉಡುಪು ಉಟ್ಟು, ಜನರಿಂದ 'ದೊಡ್ಡಸ್ವಾಮಿಯವರು' ಎನ್ನಿಸಿಕೊಂಡವರು. ಸಿಡುಬಿಗೆ ಲಸಿಕೆ ಹಾಕುವುದು ಇಂಡಿಯಕ್ಕೆ 1802ರಲ್ಲಿ ಬಂತು. 1803-04ರ ವೇಳೆಗೆ ಈ ಸೀಮೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆಯಾಗಿತ್ತು. 1823ರಲ್ಲಿ ಅವರು ಹಿಂದಿರುಗಿದಾಗ, ಮತಪ್ರಚಾರಕನಾಗಿ ತಾನು ಸೋತೆನೆಂದೇ ಬರೆದುಕೊಂಡರು. ಅವರ ಗ್ರಂಥದಲ್ಲಿ ನಮ್ಮವರನ್ನು ಕುರಿತ ಎಷ್ಟೋ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಆ ಲಸಿಕೆ? ಅಂದು ಸಿಡುಬಿನಿಂದ ಪಾರಾದ ಮಕ್ಕಳ ಮರಿಮಕ್ಕಳು ಇಂದು ಇದೇ ಊರುಗಳಲ್ಲಿ ಕಬ್ಬು ಕಡಿಯುತ್ತಿರಬಹುದು, ನನ್ನ ತರಗತಿಯಲ್ಲಿ ಕುಳಿತಿರಬಹುದು. ಅವರಿಗೆ ಆ ಹೆಸರೇ ಗೊತ್ತಿಲ್ಲ.

ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ಹಿಂದಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಪರಕೀಯನಾದ ಸಮಾರ್ಯದವನು ಎಂದು ಲೂಕನು ಹೇಳುತ್ತಾನೆ. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು. ಆದರೆ ಅವರಿಗೆ ಮತ್ತೆ ಕುಷ್ಠ ಹತ್ತಲಿ ಎನ್ನಲಿಲ್ಲ. ವಂದನೆ ಬರಲಿ ಬರದಿರಲಿ, ಕೊಟ್ಟದ್ದು ಕೊಟ್ಟಂತೆಯೇ ಇತ್ತು. ದೇವರಿಗೆ ನಮ್ಮ ವಂದನೆಯ ಹಸಿವಿಲ್ಲ. ಹಿಂದಿರುಗಿ ಬರುವುದರಿಂದ ಲಾಭ ಬಂದವನಿಗೇ: ತಾನು ಸ್ವಯಂಭು ಅಲ್ಲ, ಹತ್ತು ಕೈಗಳಿಂದ ಬದುಕಿದವನು ಎಂಬ ಅರಿವು. 'ಕೃತ'ವನ್ನು 'ಅರಿಯು'ವುದೆಂದರೆ ಇದೇ ಇರಬೇಕು. ನನ್ನ ಮಗಳ ಮಟ್ಟಿಗೆ ಆ ಕೈಗಳನ್ನು ಎಣಿಸಿದೆ: ವೈದ್ಯರು, ರಾತ್ರಿ ಪಾಳಿಯ ದಾದಿಯರು, ರಕ್ತ ಕೊಟ್ಟ, ಮುಖ ಕಂಡರಿಯದ ಯಾರೋ, ಬಿಸಿನೀರು ತಂದ ಆ ತಾಯಿ. ಎಣಿಸುತ್ತ ಹೋದಂತೆ ದೇವರಿಗೆ ಹೇಳಬೇಕಾದ ಮಾತು ತಾನಾಗಿಯೇ ಒದಗಿತು. ಅದರಲ್ಲಿ 'ಅವರಿಗಿಲ್ಲದ್ದು ನಮಗೆ' ಎಂಬ ಪದಗಳಿರಲಿಲ್ಲ.

ಪೂಜೆಯ ಉದ್ದೇಶವನ್ನು ಬರೆದುಕೊಡುವ ಚೀಟಿಯಲ್ಲಿ ಎರಡು ಸಾಲು ಬರೆದೆ: ಮಗಳು ಗುಣವಾದುದಕ್ಕೆ ವಂದನೆ, ತೀರಿಕೊಂಡ ಹುಡುಗನ ಸ್ಮರಣೆ. ಗುರುಗಳು ಎರಡನ್ನೂ ಒಂದೇ ಉಸಿರಿನಲ್ಲಿ ಓದಿದರು. ನನ್ನ ಹೆಂಡತಿ ಎರಡನೆಯ ಸಾಲಿಗೆ ಅತ್ತಳು. ಮೊದಲನೆಯದನ್ನು ಅದಾದ ಮೇಲೆ ಹೇಳಿಕೊಂಡಳು.

ನಮ್ಮ ಹಳ್ಳಿಗಳಲ್ಲಿ ವಂದನೆ ಎಂಬ ಪದವನ್ನು ಯಾರೂ ಬಳಸುವುದಿಲ್ಲ. ಉಪಕಾರ ಪಡೆದ ಮುದುಕಿ 'ನಿನ್ ಹೊಟ್ಟೆ ತಣ್ಣಗಿರ್ಲಿ, ಮಕ್ಳುಮರಿ ಚೆಂದಾಗಿರ್ಲಿ' ಎನ್ನುತ್ತಾಳೆ. ಪಡೆದದ್ದನ್ನು ತೀರಿಸುವ ಮಾತಲ್ಲ ಅದು. ಒಳ್ಳೆಯದು ಮುಂದಕ್ಕೆ ಹರಿಯಲಿ ಎನ್ನುವ ಮಾತು. ಆ ತಾಯಿ ಏನನ್ನೂ ಪಡೆಯದೆ, ಎಲ್ಲವನ್ನೂ ಕಳೆದುಕೊಂಡ ಗಳಿಗೆಯಲ್ಲಿ, ಅದನ್ನು ನನ್ನ ಮಗಳಿಗೆ ಆಡಿದಳು. ನಾನು ಕಂಡ ಪ್ರಾರ್ಥನೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ತಿಂಗಳ ಮೇಲೆ ವಿಳಾಸ ಹುಡುಕಿಕೊಂಡು ಅವರ ಹಳ್ಳಿಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಕುಳಿತು ಯೋಚಿಸಿದ್ದೆಲ್ಲ ಜಗಲಿಯ ಮೇಲೆ ಕುಳಿತಾಗ ಮರೆತುಹೋಯಿತು. ಅವಳೇ ಮಗಳು ಹೇಗಿದ್ದಾಳೆಂದು ಕೇಳಿದಳು. ಮಜ್ಜಿಗೆ ತಂದುಕೊಟ್ಟಳು. ಬೇಡವೆನ್ನಲು ಬಾಯಿ ಬರಲಿಲ್ಲ. ಎರಡು ಕೈಯಲ್ಲೂ ಹಿಡಿದು ಕುಡಿದೆ. ಋಣ ತೀರಿಸಲು ಹೋದವನು ಇನ್ನೊಂದು ಲೋಟದಷ್ಟು ಹೆಚ್ಚು ಋಣ ಹೊತ್ತು ಬಂದೆ.