ಕುಂಬಾರನ ಕತ್ತೆ ಮತ್ತು ಕೈಕೊಡುವ ಬ್ರೌಸರ್

ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಪದೇಪದೇ ತಾನಾಗಿ ಮುಚ್ಚಿಕೊಂಡರೆ, ಬೈಗುಳ ಬೀಳುವುದು ಆಗ ತೆರೆದಿದ್ದ ಪುಟಕ್ಕೆ. ಜೊತೆಗಿದ್ದದ್ದೆಲ್ಲ ಕಾರಣವಾದೀತೇ?

ನ್ಯಾಯದರ್ಶನ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ‘ಅನ್ಯಥಾಸಿದ್ಧ’ ಎಂದು ನೈಯಾಯಿಕರು ಬದಿಗಿಟ್ಟರು. ಕತ್ತೆಯಿಲ್ಲದೆಯೂ ಮಡಕೆ ಆಗುತ್ತದಲ್ಲ! ಅವರ ಪರೀಕ್ಷೆ ಅನ್ವಯ–ವ್ಯತಿರೇಕ: ಇದ್ದರೆ ಆಗಬೇಕು, ಇಲ್ಲದಿದ್ದರೆ ಆಗಬಾರದು.

ಫೈರ್‌ಫಾಕ್ಸ್‌ನ ಟ್ರಬಲ್‌ಶೂಟ್ ಮೋಡ್ ಅನುಸರಿಸುವುದೂ ಇದೇ ದಾರಿಯನ್ನು. ಎಕ್ಸ್‌ಟೆನ್ಶನ್, ಥೀಮ್, ಹಾರ್ಡ್‌ವೇರ್ ಆಕ್ಸಿಲರೇಶನ್ ಎಲ್ಲವೂ ತಾತ್ಕಾಲಿಕವಾಗಿ ಬಂದ್. ಆಗ ಬ್ರೌಸರ್ ಸರಿಯಾಗಿ ನಡೆದರೆ, ಒಂದೊಂದನ್ನೇ ಮತ್ತೆ ಆನ್ ಮಾಡಿ ನೋಡಬೇಕು. ಬೇಸರದ ಕೆಲಸ, ಆದರೆ ಪ್ರಾಮಾಣಿಕವಾದದ್ದು. ಅವಸರದಲ್ಲಿ ಬ್ರೌಸರನ್ನೇ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದರೂ, ಹಳೆಯ ಪ್ರೊಫೈಲ್ ಬಹಳ ಸಲ ಡಿಸ್ಕಿನಲ್ಲೇ ಉಳಿದು, ಕೆಟ್ಟ ಎಕ್ಸ್‌ಟೆನ್ಶನ್ ಅದರೊಂದಿಗೇ ಮರಳಿಬಿಡುತ್ತದೆ.