ಏನೂ ಆಗಿಲ್ಲವಲ್ಲ!



"ಇಷ್ಟು ವರ್ಷದಿಂದ ಹೀಗೆಯೇ ಇದೆ, ಏನೂ ಆಗಿಲ್ಲವಲ್ಲ!" ಈ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಗ್ಯಾಸ್ ಒಲೆಯ ರಬ್ಬರ್ ಪೈಪು ಬಿರುಕು ಬಿಟ್ಟಿದೆ ಎಂದು ಮನೆಯಾಕೆ ಹೇಳಿದರೂ ಇದೇ ಉತ್ತರ. ಬಾವಿಕಟ್ಟೆಯ ಕಲ್ಲು ಅಲುಗಾಡುತ್ತಿದೆ ಎಂದು ಅಜ್ಜಿ ಎಚ್ಚರಿಸಿದರೂ ಇದೇ ಉತ್ತರ. ಕೆಲಸ ಮುಂದಿನ ತಿಂಗಳಿಗೆ ಹೋಗುತ್ತದೆ, ಅಲ್ಲಿಂದ ಮುಂದಿನ ವರ್ಷಕ್ಕೆ. ಇದು ಬರೀ ಉದಾಸೀನವೋ, ಪಾಪವೋ? ಯಾರಿಗೂ ಏನೂ ಆಗದಿರುವಾಗ ಪಾಪ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಹವ್ಯಾಸಿ ರೇಡಿಯೊದವರ, ಅಂದರೆ 'ಹ್ಯಾಮ್'ಗಳ ಗೋಪುರದ ಬುಡದಲ್ಲಿ ನಿಂತು ವಿಚಾರಿಸೋಣ. ನಿಮ್ಮ ಮನೆಯಲ್ಲಿ ಅಂತಹ ಗೋಪುರ ಇರಲಾರದು. ಆದರೆ ಮನೆಯೊಳಗೆ ಕಣ್ಣಿಗೆ ಬೀಳದ ಉದಾಸೀನ ಅಲ್ಲಿ ನೂರಡಿ ಎತ್ತರದಲ್ಲಿ ನಿಂತಿರುತ್ತದೆ.

ತಂತಿಗಳ ಬಲದಿಂದ ನಿಂತ ಗೋಪುರ

ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಿ ಪರವಾನಗಿ ಪಡೆದವರು ಮನೆಯಲ್ಲೇ ಯಂತ್ರವಿಟ್ಟುಕೊಂಡು ದೇಶವಿದೇಶಗಳ ಇತರ ಹವ್ಯಾಸಿಗಳೊಂದಿಗೆ ಮಾತನಾಡುತ್ತಾರೆ. ಇದರಿಂದ ಹಣ ಸಂಪಾದಿಸುವಂತಿಲ್ಲ. ಆರಂಭದಲ್ಲಿ ಖರ್ಚೂ ಹೆಚ್ಚಿಲ್ಲ. 7 ಮೆಗಾಹರ್ಟ್ಸ್ ಅಲೆಗೆ ಸುಮಾರು 20 ಮೀಟರ್ ತಂತಿ ಸಾಕು. ಅದನ್ನು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿ, ಎರಡು ತುದಿಗಳನ್ನು ಎರಡು ತೆಂಗಿನ ಮರಗಳಿಗೆ ಕಟ್ಟಿದರೆ ಆಂಟೆನಾ ಸಿದ್ಧ. ಗಾಳಿಗೆ ಮರ ತೂಗುವುದರಿಂದ ಬಿಗಿಯಾಗಿ ಕಟ್ಟಿದ ತಂತಿ ಹರಿದುಹೋಗುತ್ತದೆ. ಬಲ್ಲವರು ಹಗ್ಗವನ್ನು ಒಂದು ರಾಟೆಯ ಮೇಲೆ ಹಾಯಿಸಿ ತುದಿಗೆ ಭಾರ ತೂಗುಬಿಡುತ್ತಾರೆ. ಮರ ಬಾಗಿದಾಗ ಭಾರ ಮೇಲೇರುತ್ತದೆ, ಮರ ಹಿಂದಿರುಗಿದಾಗ ಕೆಳಗಿಳಿಯುತ್ತದೆ, ತಂತಿ ಉಳಿಯುತ್ತದೆ.

ಇನ್ನೂ ದೂರಕ್ಕೆ ಸ್ಪಷ್ಟವಾಗಿ ಮಾತನಾಡಬೇಕೆನ್ನುವವರು ಉಕ್ಕಿನ ಗೋಪುರ ಕಟ್ಟಿ, ಅದರ ತಲೆಯ ಮೇಲೆ ತಿರುಗುವ ಯಾಗಿ ಆಂಟೆನಾ ಕೂರಿಸುತ್ತಾರೆ. 14 ಮೆಗಾಹರ್ಟ್ಸ್ ಅಲೆಯ ಯಾಗಿಗೆ ಒಂದೊಂದು ಅಡ್ಡಕೊಳವೆಯೂ ಸುಮಾರು 10 ಮೀಟರ್ ಉದ್ದ. ಇಂತಹ ತೆಳು ಗೋಪುರ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ವಿದ್ಯುತ್ ಕಂಬಕ್ಕೆ ಓರೆಯಾಗಿ ಕಟ್ಟುವ ಸ್ಟೇ ವೈರನ್ನು ನೀವು ನೋಡಿದ್ದೀರಲ್ಲ, ಅಂತಹ ಬಿಗಿತಂತಿಗಳು ಮೂರು ದಿಕ್ಕಿನಿಂದ, ಬೇರೆ ಬೇರೆ ಎತ್ತರದಲ್ಲಿ ಅದನ್ನು ಹಿಡಿದಿರುತ್ತವೆ. ಗಾಳಿಯ ವೇಗ ಎರಡರಷ್ಟಾದರೆ ಗೋಪುರದ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಆ ಬಲವೆಲ್ಲ ತಂತಿಗಳ ಮೂಲಕ ನೆಲದಲ್ಲಿ ಹೂತ ಆಂಕರ್ ಸರಳುಗಳಿಗೆ ಇಳಿಯುತ್ತದೆ.

ಕೆಡುಕು ಅಡಗಿ ಕೂರುವುದು ಸಾಮಾನ್ಯವಾಗಿ ಅಲ್ಲಿಯೇ. ಮೇಲಿನ ಉಕ್ಕು ಬೆಳ್ಳಗೆ ಹೊಳೆಯುತ್ತಿರುವಾಗಲೇ ಮಣ್ಣಿನೊಳಗಿನ ಸರಳನ್ನು ತುಕ್ಕು ತಿನ್ನುತ್ತಿರಬಹುದು. ಬುಡ ಅಗೆದು ನೋಡದ ಹೊರತು ತಿಳಿಯದು. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಬೇಗ ನಡೆಯುತ್ತದೆ. ಕೇಬಲ್ಲಿನ ಜೋಡಣೆಗೆ ಮಳೆನೀರು ಇಳಿದರೆ ಅದೂ ಹೊರಗೆ ಕಾಣುವುದಿಲ್ಲ. ಧ್ವನಿ ಮಾತ್ರ ದಿನೇ ದಿನೇ ಕ್ಷೀಣಿಸುತ್ತದೆ.

ಆದ್ದರಿಂದ ಗೋಪುರ ಕಟ್ಟಿದವರ ಕೆಲಸ ಕಟ್ಟಿದ ದಿನ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ ತಂತಿಗಳ ಬಿಗಿ ನೋಡಬೇಕು, ಸಡಿಲವಾದ ನಟ್ಟು ಬಿಗಿಯಬೇಕು, ಸಿಡಿಲಿನ ರಕ್ಷಣೆಗೆ ಹಾಕಿದ ಅರ್ತಿಂಗ್ ಪರೀಕ್ಷಿಸಬೇಕು. ಹಳೆಯ ತಂತಿ ಬಿಚ್ಚುವ ಮೊದಲು ತಾತ್ಕಾಲಿಕವಾಗಿ ಇನ್ನೊಂದು ತಂತಿ ಕಟ್ಟಿರಬೇಕು. ಹತ್ತುವವನು ಮೈಗೆ ಸುರಕ್ಷಾ ಪಟ್ಟಿ ತೊಟ್ಟು, ಒಂದು ಕೊಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಅವನು ಮೇಲಿರುವಾಗ ಕೆಳಗೆ ನೇರಕ್ಕೆ ಯಾರೂ ನಿಲ್ಲಬಾರದು. ಇದಕ್ಕೆಲ್ಲ ಮೊದಲು, ಜಾಗ ಗೊತ್ತುಮಾಡುವಾಗಲೇ, 'ಇದು ಬಿದ್ದರೆ ಎಲ್ಲಿಯವರೆಗೆ ಬಿದ್ದೀತು? ವಿದ್ಯುತ್ ತಂತಿಗೆ ತಾಗೀತೆ? ನೆರೆಮನೆಯ ಅಂಗಳ ಮುಟ್ಟೀತೆ?' ಎಂದು ಅಳೆದು ನೋಡಿರಬೇಕು.

ಇಬ್ಬರು ನೆರೆಹೊರೆಯವರು

ಈಗ ಪ್ರಶ್ನೆಗೆ ಬರೋಣ. ಇಬ್ಬರು ಹವ್ಯಾಸಿಗಳಿದ್ದಾರೆಂದು ಊಹಿಸಿಕೊಳ್ಳಿ. ಇಬ್ಬರ ಗೋಪುರವೂ ಒಂದೇ ಎತ್ತರ. ಇಬ್ಬರೂ ಹತ್ತು ವರ್ಷ ಆಂಕರಿನ ಬುಡ ನೋಡಲಿಲ್ಲ. ಒಂದು ರಾತ್ರಿ ಬಿರುಗಾಳಿ ಎದ್ದಿತು. ಒಬ್ಬನ ಗೋಪುರ ಖಾಲಿ ಗದ್ದೆಗೆ ಬಿತ್ತು. ಇನ್ನೊಬ್ಬನದು ನೆರೆಮನೆಯ ಮಾಡು ಮುರಿದು ಮಲಗಿದ್ದ ಮಗುವಿನ ಮೇಲೆ ಬಿತ್ತು. ಎರಡನೆಯವನನ್ನು ಊರೇ ಶಪಿಸುತ್ತದೆ, ನ್ಯಾಯಾಲಯ ಕರೆಯುತ್ತದೆ. ಮೊದಲನೆಯವನು ಹಳೆಯ ಕಬ್ಬಿಣ ಮಾರಿ ಸುಮ್ಮನಾಗುತ್ತಾನೆ. ದೇವರ ಮುಂದೆ ಇವರಿಬ್ಬರ ತಪ್ಪು ಬೇರೆ ಬೇರೆಯೇ?

ಮನಸ್ಸಿನ ಮಟ್ಟಿಗೆ ನೋಡಿದರೆ ವ್ಯತ್ಯಾಸ ಹುಡುಕುವುದು ಕಷ್ಟ. ಇಬ್ಬರೂ ಮಾಡಬೇಕಾದುದನ್ನು ಬಿಟ್ಟರು. ಗಾಳಿಯ ದಿಕ್ಕನ್ನು ಇಬ್ಬರೂ ಆರಿಸಿಕೊಳ್ಳಲಿಲ್ಲ. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯ'ದಲ್ಲಿ ಅಲಕ್ಷ್ಯವನ್ನು ವಿವೇಕ ಎಂಬ ಸದ್ಗುಣಕ್ಕೆ ವಿರುದ್ಧವಾದ ಪಾಪವೆಂದು ವಿಚಾರಿಸುತ್ತಾರೆ. ಇರಬೇಕಾದ ಕಾಳಜಿ ಇಲ್ಲದಿರುವುದೇ ಅಲಕ್ಷ್ಯ. ಅದು ಪಾಪವಾಗುವುದಕ್ಕೆ ಗೋಪುರ ಬೀಳಬೇಕಾಗಿಲ್ಲ. ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆ, ಮಾತು, ಕೃತ್ಯಗಳ ಜೊತೆಗೆ ಕರ್ತವ್ಯಲೋಪವನ್ನೂ ಒಪ್ಪಿಕೊಳ್ಳುವುದು ಇದೇ ಕಾರಣಕ್ಕೆ.

ಹಾಗಾದರೆ ಎರಡನೆಯವನ ಮೇಲೆ ಹೆಚ್ಚಿನ ಭಾರವೇನೂ ಇಲ್ಲವೆ? ಇದೆ. ತಪ್ಪು ಒಂದೇ ಆದರೂ ತೀರಿಸಬೇಕಾದ ಋಣ ಒಂದೇ ಅಲ್ಲ. ಆ ಮನೆಯವರ ಕಣ್ಣೀರಿಗೆ ಅವನು ಉತ್ತರ ಹೇಳಬೇಕು, ಆದಷ್ಟು ಪರಿಹಾರ ಕೊಡಬೇಕು, ಜೀವಮಾನವಿಡೀ ಆ ದುಃಖವನ್ನು ಹೊರಬೇಕು. 'ನನ್ನಂತೆ ಇನ್ನೊಬ್ಬನೂ ಮಾಡಿದ್ದ' ಎಂಬ ವಾದ ಅಲ್ಲಿ ನಡೆಯದು. ಮೊದಲನೆಯವನಿಗೆ ಆ ಋಣ ಬರಲಿಲ್ಲ. ಆದರೆ ಅದು ಅವನ ಪುಣ್ಯದ ಫಲವೆಂದು ಅವನು ಬೀಗುವಂತಿಲ್ಲ.

ಬಿದ್ದ ಗೋಪುರ ಏನನ್ನು ಸಾರುತ್ತದೆ?

ಇಲ್ಲೊಂದು ಅಪಾಯವಿದೆ. ಬಿದ್ದುದನ್ನೆಲ್ಲ ತಪ್ಪಿಗೆ ಸಾಕ್ಷಿಯೆಂದೂ, ನಿಂತದ್ದನ್ನೆಲ್ಲ ನಿರ್ದೋಷಕ್ಕೆ ಸಾಕ್ಷಿಯೆಂದೂ ನಾವು ತಿಳಿಯುತ್ತೇವೆ. ಸಿಲೊವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತ ಸುದ್ದಿಯನ್ನು ಯೇಸುಸ್ವಾಮಿ ಎತ್ತಿಕೊಂಡು, ಸತ್ತವರು ಇತರರಿಗಿಂತ ದೊಡ್ಡ ಅಪರಾಧಿಗಳೆಂದು ಭಾವಿಸಬೇಡಿರೆಂದು ಎಚ್ಚರಿಸಿದ್ದನ್ನು ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಪರಿಣಾಮ ನೋಡಿ ಪಾಪ ಅಳೆಯಬೇಡಿ ಎಂಬುದು ಅದರ ಒಂದು ಅರ್ಥ.

ನಮ್ಮ ಕಾಲದ ಎರಡು ಗೋಪುರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪೋಲೆಂಡಿನ ಕೊನ್‌ಸ್ಟಾಂಟಿನೂವ್‌ನಲ್ಲಿ 646 ಮೀಟರ್ ಎತ್ತರದ ಪ್ರಸಾರ ಗೋಪುರವಿತ್ತು. ಆಗ ಜಗತ್ತಿನಲ್ಲೇ ಅತಿ ಎತ್ತರದ ನಿರ್ಮಾಣ ಅದು. 1991ರ ಆಗಸ್ಟ್ 8ರಂದು ಬಿಗಿತಂತಿಗಳನ್ನು ಬದಲಾಯಿಸುವ ಕೆಲಸ ನಡೆಯುತ್ತಿರುವಾಗಲೇ ಕುಸಿಯಿತು. ಒಬ್ಬರೂ ಸಾಯಲಿಲ್ಲ. ಅದಕ್ಕೂ ಮೊದಲು, 1982ರ ಡಿಸೆಂಬರ್ 7ರಂದು, ಅಮೆರಿಕದ ಹ್ಯೂಸ್ಟನ್ ಬಳಿಯ ಮಿಸೌರಿ ಸಿಟಿಯಲ್ಲಿ ಹೊಸ ಗೋಪುರಕ್ಕೆ ಸುಮಾರು ಆರು ಟನ್ ತೂಕದ ಆಂಟೆನಾ ಏರಿಸುತ್ತಿದ್ದರು. ಎತ್ತುವ ಕೊಂಡಿಗೆ ಕೆಲಸಗಾರರೇ ಸೇರಿಸಿದ್ದ ತುಂಡಿನ ಬೋಲ್ಟುಗಳು ಭಾರ ತಡೆಯಲಿಲ್ಲ. ಆಂಟೆನಾ ಕಳಚಿತು, ಗೋಪುರ ನೆಲಕಚ್ಚಿತು, ಐವರು ಸತ್ತರು.

ಈ ಎರಡನೆಯ ಘಟನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀತಿಪಾಠವಾಗಿ ಕಲಿಸುತ್ತಾರೆ. ಏಕೆಂದರೆ ಏರಿಸುವವರು ತಮ್ಮ ಉಪಾಯವನ್ನು ಒಮ್ಮೆ ಪರೀಕ್ಷಿಸಿ ಕೊಡಿರೆಂದು ಗೋಪುರದ ವಿನ್ಯಾಸ ಮಾಡಿದವರನ್ನು ಕೇಳಿದ್ದರು. ಕಾನೂನಿನ ಹೊಣೆ ತಮ್ಮ ತಲೆಗೆ ಬಂದೀತೆಂದು ಅವರು ನೋಡಲೊಪ್ಪಲಿಲ್ಲ. ಏರಿಸುವುದು ತಮ್ಮ ಕೆಲಸವಲ್ಲ ಎಂಬುದು ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಲೆಕ್ಕ ಬಲ್ಲವನು, ಲೆಕ್ಕ ಬಾರದವನು ಕೇಳಿದಾಗ ಕಾಗದದ ಹಿಂದೆ ಅಡಗಬಹುದೆ? 'ನಾನೇನು ನನ್ನ ತಮ್ಮನ ಕಾವಲುಗಾರನೇ?' ಎಂಬ ಕಾಯಿನನ ಪ್ರಶ್ನೆ ಇಲ್ಲಿ ಕೋಟು ಹಾಕಿಕೊಂಡು ಕಚೇರಿಯಲ್ಲಿ ಕುಳಿತಿದೆ.

ಮಾಳಿಗೆಯ ಸುತ್ತ ಗೋಡೆ

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಮೋಟುಗೋಡೆ ಕಟ್ಟಿಸಬೇಕು. ಇಲ್ಲವಾದರೆ ಯಾರಾದರೂ ಬಿದ್ದು ಸತ್ತಾಗ ಆ ರಕ್ತದ ಅಪರಾಧ ಮನೆಯ ಮೇಲೆ ಬರುತ್ತದೆ. ಗಮನಿಸಿ, ಮೊದಲು ಒಬ್ಬ ಬೀಳಲಿ, ಆಮೇಲೆ ಗೋಡೆ ಕಟ್ಟು ಎಂದು ದೇವರು ಹೇಳಲಿಲ್ಲ. ಮಾಳಿಗೆ ನನ್ನದು ನಿಜ. ಆದರೆ ಅದರ ಎತ್ತರದಿಂದ ಹುಟ್ಟುವ ಅಪಾಯ ನನ್ನೊಬ್ಬನದಲ್ಲ. ಎತ್ತರಕ್ಕೆ ಕಟ್ಟುವ ಹಕ್ಕಿನ ಜೊತೆಯಲ್ಲೇ ಕಾಯುವ ಹೊಣೆಯೂ ಬರುತ್ತದೆ.

"ಹೀಗೆ ಹೆದರುತ್ತ ಕುಳಿತರೆ ಯಾರೂ ಏನನ್ನೂ ಕಟ್ಟುವಂತಿಲ್ಲವಲ್ಲ ಫಾದರ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿರುಗಾಳಿಯನ್ನು ನಿಲ್ಲಿಸೆಂದು ದೇವರು ಯಾರನ್ನೂ ಕೇಳುವುದಿಲ್ಲ. ಎಲ್ಲ ಎಚ್ಚರ ವಹಿಸಿದವನ ಗೋಪುರವೂ ಬೀಳಬಹುದು. ಅವನು ದುಃಖಪಡಲಿ, ಆದರೆ ತನ್ನನ್ನು ಪಾಪಿಯೆಂದು ಹಿಂಸಿಸಿಕೊಳ್ಳುವುದು ಬೇಡ. ಅತಿಯಾದ ಪಾಪಭೀತಿಯೂ ಮನಸ್ಸಿನ ರೋಗವೇ. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಪ್ರಭು ಯೇಸು ಹೇಳಿದ್ದಾರೆ. ಆ ಲೆಕ್ಕದಲ್ಲಿ ಉಕ್ಕು, ಸಿಮೆಂಟಿನ ಬೆಲೆಯಷ್ಟೇ ಅಲ್ಲ, ಮುಂದಿನ ಪ್ರತಿ ವರ್ಷದ ಒಂದು ಭಾನುವಾರದ ಮಧ್ಯಾಹ್ನವೂ ಸೇರಿರಬೇಕು. ಅಷ್ಟು ಕೊಡಲಾರದವನಿಗೆ ತೆಂಗಿನ ಮರದ ತಂತಿಯೇ ಒಳ್ಳೆಯದು.

ನಿಂತಿದ್ದರೆ ತಾನೆ ನೆರವು?

ಕಾಳಜಿ ಎಂದರೆ ಅಪಾಯ ತಪ್ಪಿಸುವುದು ಮಾತ್ರವಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಹವ್ಯಾಸದ ಸಲುವಾಗಿಯೇ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿ ರೇಡಿಯೊ ಕೇಂದ್ರ ಹೂಡಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ದೂರವಾಣಿ ಸಂಪರ್ಕ ಕಡಿದುಹೋದಾಗ ಅವರ ಕೇಂದ್ರದಿಂದ ದ್ವೀಪದ ಸುದ್ದಿ ಹೊರಗೆ ಹೋಯಿತು. ಬದುಕಿದ್ದೇವೆ ಎಂಬ ಎಷ್ಟೋ ಕುಟುಂಬಗಳ ಸಂದೇಶ ಮುಖ್ಯ ಭೂಮಿಯನ್ನು ಮುಟ್ಟಿತು. ಆ ಹೊತ್ತಿನಲ್ಲಿ ಆಂಟೆನಾದ ಜೋಡಣೆ ಸಡಿಲವಾಗಿದ್ದರೆ? ಬೆಂಕಿ ಬಿದ್ದಾಗ ಬಾವಿ ತೋಡಲಾಗುವುದಿಲ್ಲ.

ಹವ್ಯಾಸಿ ರೇಡಿಯೊದವರು ತಮ್ಮ ಪಾಲಕ ಸಂತರೆಂದು ಗೌರವಿಸುವುದು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರನ್ನು. ಪೋಲೆಂಡಿನ ತಮ್ಮ ಮಠದಲ್ಲಿ 1938ರಲ್ಲಿ ಅವರು ರೇಡಿಯೊ ಕೇಂದ್ರ ಆರಂಭಿಸಿದರು. 1941ರಲ್ಲಿ ಆಷ್‌ವಿಟ್ಜ್ ಸೆರೆಶಿಬಿರದಲ್ಲಿ ಹೆಂಡತಿ ಮಕ್ಕಳಿದ್ದ ಒಬ್ಬ ಸೆರೆಯಾಳಿನ ಬದಲು ತಾವೇ ಸಾಯಲು ಮುಂದೆ ಬಂದರು. ಅಂತಹ ತ್ಯಾಗದ ಕರೆ ನಮಗೆ ಬಾರದಿರಬಹುದು. ಆದರೆ ನೆರೆಯವನ ಜೀವ ನನ್ನ ಕೈಯಲ್ಲೂ ಇದೆ ಎಂಬ ಅರಿವು ಒಂದು ನಟ್ಟು ಬಿಗಿಯುವವನಲ್ಲೂ ಇರಬಲ್ಲದು.

ಇನ್ನೊಂದು ವರ್ಷ

ಸಿಲೊವಾಮಿನ ಮಾತು ಮುಗಿದೊಡನೆ ಯೇಸುಸ್ವಾಮಿ ಹೇಳಿದ ಸಾಮತಿ ಯಾವುದು ಗೊತ್ತೆ? ಫಲ ಬಿಡದ ಅಂಜೂರದ ಮರದ್ದು. ಕಡಿದುಹಾಕು ಎಂದ ಯಜಮಾನನ ಬಳಿ ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಆ ವರ್ಷ ಸುಮ್ಮನೆ ಕೂರುವುದಕ್ಕಲ್ಲ, ಬುಡ ಅಗೆದು ಗೊಬ್ಬರ ಹಾಕುವುದಕ್ಕೆ.

"ಏನೂ ಆಗಿಲ್ಲವಲ್ಲ" ಎಂಬ ಮಾತಿನ ಸರಿಯಾದ ಅರ್ಥ ಇದೇ. ಅದು ಬಿಡುಗಡೆಯ ತೀರ್ಪಲ್ಲ, ಸಿಕ್ಕಿರುವ ಸಮಯ. ಗೋಪುರವಿದ್ದವರು ಆಂಕರಿನ ಬುಡ ಅಗೆದು ನೋಡಲಿ. ಇಲ್ಲದವರು ಈ ವಾರ ಮನೆಮಂದಿಯೆಲ್ಲ ಕುಳಿತು, ಗ್ಯಾಸ್ ಪೈಪಿನಿಂದ ಹಿಡಿದು ಬಾವಿಕಟ್ಟೆಯವರೆಗೆ, ಎಷ್ಟು ಕಡೆ ನಾವು ಈ ಮಾತನ್ನು ಆಡಿದ್ದೇವೆಂದು ಪಟ್ಟಿ ಮಾಡಲಿ. ಅಜ್ಜಿಯ ಎಚ್ಚರಿಕೆಗಳನ್ನೂ ಸೇರಿಸಿಕೊಳ್ಳಿ. ಮುಂಗಾರು ಬರುವುದರೊಳಗೆ ಪಟ್ಟಿಯಲ್ಲಿ ಒಂದಾದರೂ ಕಡಿಮೆಯಾಗಲಿ.