ಮುಟ್ಟದೆ ತಿಳಿದ ಎದೆ

"ಎದಿ ಒಮ್ಮೆಲೆ ಧಡಧಡ ಅಂತದ, ಆಮ್ಯಾಲ ನಿಂತಂಗ ಆಗತದ್ರಿ." ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಕಲ್ಲುಗಣಿಗಳಲ್ಲಿ ದುಡಿಯುವವನೊಬ್ಬ ಹೀಗೆಂದರೆ ನಾವು ಏನನ್ನುತ್ತೇವೆ? "ಬಿಸಲಿಗಿ ಆಗ್ಯದ, ನೀರು ಕುಡಿ." ಮರುದಿನ ಅವನು ಮತ್ತೆ ಗಣಿಗೆ ಇಳಿಯುತ್ತಾನೆ. ಇಂಥ ತಾಳ ತಪ್ಪಿದ ಎದೆಯನ್ನೇ ಇಂದು ಕಂಪ್ಯೂಟರಿನೊಳಗೆ ಕಟ್ಟಿ, ಅಲ್ಲೇ ಕೆಡಿಸಿ, ಅಲ್ಲೇ ಸರಿಪಡಿಸಿ ನೋಡುತ್ತಾರೆ. ಇದು ನಮಗೆ ಸಂಬಂಧಪಟ್ಟ ವಿಚಾರವೇ? ಹೌದು, ಸಂಬಂಧಪಟ್ಟದ್ದೇ.

ಎದೆಯ ಒಂದೊಂದು ಜೀವಕೋಶವೂ ಪಕ್ಕದ ಕೋಶದಿಂದ ವಿದ್ಯುತ್ತು ಪಡೆದು ಮುಂದಿನದಕ್ಕೆ ಕೊಡುತ್ತದೆ. ಕೊಟ್ಟ ಮೇಲೆ ಅರೆಗಳಿಗೆ ಸುಧಾರಿಸಿಕೊಳ್ಳುತ್ತದೆ. ದಾರಿಯಲ್ಲಿ ಸತ್ತ ಮಾಂಸದ ಕಲೆ ಇದ್ದರೆ ಅಲೆ ಅದನ್ನು ಸುತ್ತಿಬಂದು, ಸುಧಾರಿಸಿಕೊಂಡ ಕೋಶಗಳನ್ನು ಮತ್ತೆ ಬಡಿಯಬಹುದು. ಆಗ ಸುಳಿ ಹುಟ್ಟುತ್ತದೆ. ಸುಳಿ ಒಡೆದು ಹತ್ತಾರಾದರೆ ಎದೆ ಬಡಿಯುವುದಿಲ್ಲ, ಬರೀ ಅದುರುತ್ತದೆ. ರಕ್ತ ಮುಂದಕ್ಕೆ ಹೋಗದೆ ಮನುಷ್ಯ ಸಾಯುತ್ತಾನೆ. 1960ರಲ್ಲಿ ಡೆನಿಸ್ ನೋಬಲ್ ಲಂಡನ್ನಿನಲ್ಲಿ ಹೃದಯಕೋಶವೊಂದರ ಮಿಡಿತವನ್ನು ಸಮೀಕರಣಗಳಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಮತ್ತು ಸಂಗಡಿಗರು ಈ ಸುಳಿಗಳನ್ನೇ ಲೆಕ್ಕದಲ್ಲಿ ಹಿಡಿದಿದ್ದಾರೆ. ಅಡ್ಡಿ ಎಲ್ಲಿದೆ ಎಂಬುದರ ಮೇಲೆ ಸುಳಿ ನಿಲ್ಲುವುದು, ಒಡೆಯುವುದು, ಅಳಿಯುವುದು ಅವಲಂಬಿಸಿದೆ ಎಂದು ತೋರಿಸಿದ್ದಾರೆ.

ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ಮಳಖೇಡ ರಾಜಧಾನಿಯಾಗಿದ್ದ ಅಮೋಘವರ್ಷನ ಕಾಲದಲ್ಲೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆದರೆ ಆ ಲೆಕ್ಕ ಯಾರ ಹೊಸ್ತಿಲು ದಾಟಿತು, ಯಾರದನ್ನು ದಾಟಲಿಲ್ಲ ಎಂಬುದು ನಮಗೆ ಗೊತ್ತು.

ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಮುಟ್ಟದೆ ಎದೆಯನ್ನು ತಿಳಿಯುವ ವಿದ್ಯೆಯನ್ನು ನಾವು ಹೇಗೆ ನಂಬುವುದು? 1929ರಲ್ಲಿ ಕಾಠಿಯಾವಾಡದಲ್ಲಿ ನಡೆದದ್ದನ್ನು ಬಾಬಾಸಾಹೇಬರು ದಾಖಲಿಸಿದ್ದಾರೆ. ಅಸ್ಪೃಶ್ಯ ಶಿಕ್ಷಕನೊಬ್ಬನ ಬಾಣಂತಿ ಹೆಂಡತಿಗೆ ಕಾಯಿಲೆ. ವೈದ್ಯ ಅವಳನ್ನು ಮುಟ್ಟಲಿಲ್ಲ. ಥರ್ಮಾಮೀಟರನ್ನು ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಅದು ಮರಳಿತು. ವೈದ್ಯ ದೀಪದ ಬೆಳಕಿನಲ್ಲಿ ಅಂಕಿ ಓದಿ ನ್ಯುಮೋನಿಯಾ ಎಂದ. ಅಂಕಿ ವೈದ್ಯನನ್ನು ತಲುಪಿತು, ವೈದ್ಯನ ಕೈ ಅವಳನ್ನು ತಲುಪಲಿಲ್ಲ. ಅವಳು ಸತ್ತಳು.

ಕಂಪ್ಯೂಟರಿನ ಎದೆಯೂ ಇದೇ ಥರ್ಮಾಮೀಟರೇ? ಹಾಗೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಹೃದಯಾಘಾತದಿಂದ ಉಳಿದವರ ಅಡ್ಡಬಡಿತ ನಿಲ್ಲಿಸಿದರೆ ಜೀವ ಉಳಿಯುತ್ತದೆಂದು ನಂಬಿ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿ ಕೊಡುತ್ತಿದ್ದರು. ಇಸಿಜಿ ಕಾಗದದ ಮೇಲೆ ಬಡಿತವೇನೋ ಸರಿಹೋಯಿತು. ಆದರೆ ಔಷಧಿ ತಿಂದವರೇ ಹೆಚ್ಚು ಸತ್ತರೆಂದು 1989ರಲ್ಲಿ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. ತಪ್ಪಿಗೆ ಬೆಲೆ ತೆತ್ತದ್ದು ಬದುಕಿದ್ದ ದೇಹಗಳು. ಕಂಪ್ಯೂಟರಿನ ಎದೆ ಸಾವಿರ ಸಲ ನಿಂತರೂ ಯಾರ ಮನೆಯಲ್ಲೂ ಅಳು ಏಳುವುದಿಲ್ಲ. ಅಗ್ಗದ ದೇಹವೆಂದು ಎಣಿಸಲ್ಪಟ್ಟ ನಮಗೆ ಇದು ಸಣ್ಣ ಮಾತಲ್ಲ. ಮೊದಲ ಪೆಟ್ಟು ಯಂತ್ರ ತಿನ್ನಲಿ.

ಆದರೆ ಆ ಎದೆ ಯಾರದು? 1991ರ ಹೆಸರಾಂತ ಮಾದರಿ ಗಿನಿಪಿಗ್ಗಿನ ಕೋಶದ್ದು. 2011ರದು ರೋಗವಿಲ್ಲದ ನೂರಕ್ಕೂ ಹೆಚ್ಚು ಮನುಷ್ಯರ ಹೃದಯಗಳ ಅಳತೆಯಿಂದ ಬಂದದ್ದು. ಮೂವತ್ತು ವರ್ಷ ಕಲ್ಲಿನ ಧೂಳು ಕುಡಿದ, ಅರೆಹೊಟ್ಟೆಯಲ್ಲಿ ದುಡಿದ ಎದೆ ಆ ಅಳತೆಯಲ್ಲಿ ಎಲ್ಲಿದೆ? ಅಮೆರಿಕದಲ್ಲಿ ನತಾಲಿಯಾ ಟ್ರಯನೋವಾ ಅವರ ತಂಡ ರೋಗಿಯ ಸ್ಕ್ಯಾನ್‌ನಿಂದ ಅವನದೇ ಎದೆಯ ಪ್ರತಿ ಕಟ್ಟಿ, ಎಲ್ಲಿ ಸುಟ್ಟರೆ ಸುಳಿ ನಿಲ್ಲುತ್ತದೆಂದು ಮೊದಲೇ ನೋಡುತ್ತದೆ. ಇಸಿಜಿಯನ್ನೇ ಕಾಣದವನಿಗೆ ಸ್ಕ್ಯಾನ್ ಎಲ್ಲಿಯದು? ಅಳತೆಗೆ ಸಿಗದವನು ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾಗಿ ನಮ್ಮ ಒರೆಗಲ್ಲು ಒಂದೇ. ದೂರ ನಿಂತದ್ದು ರೋಗಿಯನ್ನು ಉಳಿಸುವುದಕ್ಕೋ, ರೋಗಿಯಿಂದ ತಪ್ಪಿಸಿಕೊಳ್ಳುವುದಕ್ಕೋ? ಲೆಕ್ಕ ಮುಗಿದ ಮೇಲೆ ಒಂದು ಕೈ ಬಂದು ಆ ಎದೆಯನ್ನು ಮುಟ್ಟಿತೋ ಇಲ್ಲವೋ?

ಊರಿನ ಮೇಷ್ಟ್ರುಗಳಿಗೆ, ಹುಡುಗರಿಗೆ ನಮ್ಮದೊಂದು ಮಾತು. ಗಣಿತ ನಮ್ಮದಲ್ಲ ಎಂದು ಕೈಬಿಡಬೇಡಿ, ಕಲಿಯಿರಿ, ಕಲಿಸಿರಿ. ನಾಳೆ ಯಾರಾದರೂ "ಎದಿ ಧಡಧಡ ಅಂತದ್ರಿ" ಅಂದರೆ ನೀರು ಕುಡಿ ಅಂದು ಸುಮ್ಮನಾಗಬೇಡಿ. ಅವನ ಜೊತೆ ತಾಲೂಕು ಆಸ್ಪತ್ರೆಗೆ ನಡೆಯಿರಿ, ಇಸಿಜಿ ತೆಗೆಯಿರಿ ಎಂದು ಕೇಳಿರಿ, ತೆಗೆಯುವ ತನಕ ಅಲ್ಲೇ ಕೂಡಿರಿ.